ಮಂಚ ನೋಡುವ ಶಾಸ್ತ್ರ

ನಮ್ಮ ಊರಿನಲ್ಲಿ ಮಧ್ಯಾಹ್ನಕ್ಕೆ ಮುಂಚೆ ಯಾರೂ ಯಾರಿಗೂ ಮಾತು ಕೊಡುವುದಿಲ್ಲ. ಶಾಲೆಯ ಗಂಟೆ ಹೊಡೆಯುವುದು ಹನ್ನೆರಡೂವರೆಗೆ, ಪಂಚಾಯ್ತಿ ಸೇರುವುದು ಎರಡಕ್ಕೆ, ಮದುವೆಯ ಧಾರೆ ಮೂರಕ್ಕೆ. ಕ್ಷೌರದ ಅಂಗಡಿಯ ಬಾಗಿಲಂತೂ ಸೂರ್ಯ ನೆತ್ತಿ ದಾಟಿದ್ದನ್ನು ಇಬ್ಬರು ನೋಡಿ ಬಂದು ಹೇಳಿದ ಮೇಲೆಯೇ ತೆರೆಯುತ್ತದೆ. ಬೆಟ್ಟ ಇಳಿಯುವ ಒಂದೇ ಒಂದು ಬಸ್ಸು ಕೂಡ ಒಂದು ಗಂಟೆಗೆ ಮೊದಲು ಹೊರಡುವುದಿಲ್ಲ, ಡ್ರೈವರು ಹಿಂದಿನ ರಾತ್ರಿ ಎಲ್ಲಿ ಮಲಗಿದ್ದನೋ ಯಾರಿಗೆ ಗೊತ್ತು.

ನಮ್ಮಲ್ಲಿ ಒಬ್ಬರು ಮಲಗೆದ್ದ ಹಾಸಿಗೆಯಲ್ಲಿ ಮರುರಾತ್ರಿ ಇನ್ನೊಬ್ಬರು ಮಲಗಿದರೆ, ಮೊದಲು ಮಲಗಿದ್ದವರ ಅಭ್ಯಾಸ ಎರಡನೆಯವರ ಜೊತೆ ಏಳುತ್ತದೆ. ಮಧ್ಯಾಹ್ನದವರೆಗೆ ಇರುತ್ತದೆ, ಆಮೇಲೆ ಬಿಟ್ಟು ಹೋಗುತ್ತದೆ. ಬುದ್ಧಿ ಅವರವರದೇ, ನೆನಪು ಅವರವರದೇ. ಕೈಕಾಲು ಮಾತ್ರ ಬೇರೆಯವರ ಮಾತು ಕೇಳುತ್ತವೆ. ಊರಿನವರಿಗೆ ಇದರಿಂದ ತೊಂದರೆ ಏನಿಲ್ಲ. ನೆಂಟರ ಮನೆಗೆ ಹೋಗುವಾಗ ಚಾಪೆಯನ್ನು ಬಗಲಲ್ಲಿ ಇಟ್ಟುಕೊಂಡು ಹೋಗುತ್ತಾರೆ. ಮಗ ಹೊತ್ತೇರಿದರೂ ಏಳುವುದಿಲ್ಲ ಎಂದರೆ ಹಾಲು ಕರೆಯುವ ಅಜ್ಜನ ಚಾಪೆಯಲ್ಲಿ ಒಂದು ರಾತ್ರಿ ಮಲಗಿಸುತ್ತಾರೆ. ಬೆಳಗ್ಗೆ ಹುಡುಗ ಕಣ್ಣು ಮುಚ್ಚಿಕೊಂಡೇ ಚೆಂಬು ಹಿಡಿದು ಕೊಟ್ಟಿಗೆಗೆ ಹೋಗುತ್ತಾನೆ.

ತೊಂದರೆ ಇದ್ದರೆ ಅದು ಹೊರಗಿನಿಂದ ಬಂದವರಿಗೆ. ಅವರು ಇಳಿದುಕೊಳ್ಳುವುದು ನನ್ನ ಹಾಸ್ಟೆಲ್ಲಿನಲ್ಲಿ. ಉದ್ದದ ಒಂದೇ ಕೋಣೆ, ಒಂಬತ್ತು ಮಂಚ, ತಲೆಗೆ ಎರಡು ಕಂಬಳಿ, ಬೆಳಗ್ಗೆ ಟೀ ಮತ್ತು ರೊಟ್ಟಿ. ಬೆಟ್ಟ ಹತ್ತುವವರು, ಜೇನು ಕೊಳ್ಳುವವರು, ದೊಡ್ಡ ಲಾಡ್ಜಿಗೆ ಹೋಗಲಾರದವರು, ದಾರಿ ತಪ್ಪಿದವರು ಎಲ್ಲರೂ ಅಲ್ಲಿಗೇ. ಹಾಸ್ಟೆಲ್ಲು ಶುರು ಮಾಡಿದವರು ನಮ್ಮ ಮಾವನವರು. ಬಂದವರಿಗೆ ಮಂಚದ ವಿಷಯ ಹೇಳಬಾರದು ಎಂದು ಕಟ್ಟು ಮಾಡಿದ್ದೂ ಅವರೇ. “ಹೇಳಿದ್ರೆ ಒಬ್ರೂ ಬರಲ್ಲ, ಹೇಳದಿದ್ರೆ ಹೋದೋರೂ ತಿರುಗಾ ಬರ್ತಾರೆ” ಎನ್ನುತ್ತಿದ್ದರು. ಅದು ನಿಜವೇ ಆಯಿತು. ನಾನು ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಮಂಚ ಹಂಚುವ ಕೆಲಸ ನನ್ನದು. ನನಗೆ ಬರೆಯಲು ಬರುವುದು ನನ್ನ ಹೆಸರು ಮಾತ್ರ, ಪುಟ್ಟಗೌರಮ್ಮ ಎಂದು, ಅದೂ ಎರಡು ಸಾಲಿನಲ್ಲಿ. ಆದರೆ ಯಾವ ಮಂಚದಲ್ಲಿ ಯಾವ ರಾತ್ರಿ ಯಾರು ಮಲಗಿದ್ದರು ಎಂದು ಕೇಳಿದರೆ ನಲವತ್ತು ವರ್ಷದ್ದನ್ನು ಹೇಳುತ್ತೇನೆ.

ಮಂಚ ಹಂಚುವಾಗ ಸ್ವಲ್ಪ ನನ್ನ ಕೈವಾಡವೂ ಇರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಯೋಗ ಕಲಿಸುವವರು ಮಲಗೆದ್ದ ಮಂಚವನ್ನು ಹೊಟ್ಟೆ ಮುಂದೆ ಬಂದ ಒಬ್ಬ ಇನ್ಶೂರೆನ್ಸಿನವರಿಗೆ ಕೊಟ್ಟಿದ್ದೆ. ಬೆಳಗ್ಗೆ ಹೋಗಿ ನೋಡಿದರೆ ಗೆರೆಗೆರೆ ಚಡ್ಡಿಯಲ್ಲಿ ಗೋಡೆಗೆ ಕಾಲು ಕೊಟ್ಟು ತಲೆಕೆಳಗಾಗಿ ನಿಂತಿದ್ದರು. “ಅಮ್ಮ, ನಾನ್ಯಾಕೆ ಹಿಂಗಿದೀನಿ?” ಎಂದು ನನ್ನನ್ನೇ ಕೇಳಿದರು. ಇನ್ನೊಮ್ಮೆ ಹೊಸದಾಗಿ ಮದುವೆಯಾದವರು ಬಂದಿದ್ದರು. ಗಂಡ ಮಲಗಿದ್ದು ರೈಲಿನಲ್ಲಿ ಟಿಕೆಟ್ ನೋಡುವವನ ಮಂಚದಲ್ಲಿ. ಎದ್ದವನೇ ಹೆಂಡತಿಯ ಮುಂದೆ ನಿಂತು “ಟಿಕೆಟ್” ಎಂದು ಕೈಚಾಚಿದ. ಅವಳು ಮಲಗಿದ್ದು ಟಿಕೆಟ್ಟಿಲ್ಲದೆ ದೇಶ ಸುತ್ತುವ ಒಬ್ಬ ಬೈರಾಗಿಯ ಮಂಚದಲ್ಲಿ. ಕಿಟಕಿಯಿಂದ ಹಾರಿ ಓಡಿಯೇ ಬಿಟ್ಟಳು. ಹನ್ನೆರಡರ ತನಕ ಅವನು ಹುಡುಕಿದ, ಅವಳು ಸಿಕ್ಕಲಿಲ್ಲ. ಆಮೇಲೆ ಇಬ್ಬರೂ ನಕ್ಕು ನಕ್ಕು ಸುಸ್ತಾಗಿ ನನ್ನ ಅಡುಗೆಮನೆಯಲ್ಲೇ ಉಂಡರು. ಹೋಗುವಾಗ ಎಲ್ಲರೂ ಬಾಗಿಲ ಹತ್ತಿರದ ಪುಸ್ತಕದಲ್ಲಿ ಬರೆದು ಹೋಗುತ್ತಾರೆ. ನನ್ನ ತಮ್ಮನ ಮಗಳು ಸುಕನ್ಯ ಅದನ್ನು ಓದಿ ಹೇಳುತ್ತಾಳೆ. “ಇಲ್ಲಿಯ ಹವಾ ಬಲು ಸೊಗಸು. ನನಗೇ ಗೊತ್ತಿಲ್ಲದ ನನ್ನನ್ನು ಇಲ್ಲಿ ಕಂಡುಕೊಂಡೆ” ಎಂದು ಒಬ್ಬ ಶಾಲೆ ಮೇಷ್ಟ್ರು ಬರೆದಿದ್ದರು. ಸುಕನ್ಯ ಹೊಟ್ಟೆ ಹಿಡಿದುಕೊಂಡು, “ಅದು ನೀನಲ್ಲ ಕಣಪ್ಪಾ, ಅವನು ಹಿಂದಿನ ದಿನದ ಮಾವುತ” ಎಂದಳು. ಆ ಮೇಷ್ಟ್ರು ಬೆಳಗೆಲ್ಲ ನಮ್ಮ ಎಮ್ಮೆಯ ಮೇಲೇರಿ, ಅದರ ಕಿವಿಯ ಹಿಂದೆ ಕಾಲಿನಿಂದ ತಿವಿಯುತ್ತಾ ಕೂತಿದ್ದರು.

ಈ ಸುಕನ್ಯಳದೇ ಈಗ ಹೇಳಬೇಕಾದ ವಿಷಯ. ತಾಯಿ ತೀರಿದ ಮೇಲೆ ಹಗಲೆಲ್ಲ ನನ್ನ ಹಾಸ್ಟೆಲ್ಲಿನಲ್ಲೇ ಬೆಳೆದವಳು. ತಂದೆ, ನನ್ನ ತಮ್ಮ ಬೋರಲಿಂಗಯ್ಯ, ಊರಿನಲ್ಲಿ ಜೇನುತುಪ್ಪದ ಅಂಗಡಿ ಇಟ್ಟವನು. ಒಳ್ಳೆಯವನು. ಆದರೆ ಗಂಟಲು ದೊಡ್ಡದು, ಕಿವಿ ಸಣ್ಣದು.

ಬೇರೆ ಊರುಗಳಲ್ಲಿ ಹೆಣ್ಣು ನೋಡುತ್ತಾರೆ. ನಮ್ಮಲ್ಲಿ ಮಂಚ ನೋಡುತ್ತಾರೆ. ಗಂಡಿನ ಕಡೆಯವರು ಬಂದರೆ ಮೊದಲ ರಾತ್ರಿ ಹಾಸ್ಟೆಲ್ಲಿನಲ್ಲಿ ಇಳಿಯಬೇಕು. ಗಂಡಿಗೆ ಕೊಡುವ ಮಂಚದಲ್ಲಿ ಎಂಟು ದಿನ ಯಾರೂ ಮಲಗಿರಬಾರದು, ಅದು ತಣಿದಿರಬೇಕು. ಮರುರಾತ್ರಿ ಅದೇ ಮಂಚದಲ್ಲಿ ಹೆಣ್ಣಿನ ಕಡೆಯ ಒಬ್ಬ ಹಿರಿಯರು ಮಲಗುತ್ತಾರೆ. ಅವರು ಎದ್ದು ಏನು ಮಾಡುತ್ತಾರೋ ಅದೇ ಗಂಡಿನ ಗುಣ. ಎಲ್ಲರೂ ಸುತ್ತ ಕೂತು ನೋಡುತ್ತಾರೆ. ಹನ್ನೆರಡು ದಾಟಿದ ಮೇಲೆ ಆ ಹಿರಿಯರು ಹೂಂ ಅಥವಾ ಊಹೂಂ ಎಂದರೆ ಮುಗಿಯಿತು. ಊರಿನಲ್ಲಿ ಹನ್ನೊಂದು ಗಂಡುಗಳ ಮಂಚ ನಾನೇ ನೋಡಿದ್ದೆ. ಒಬ್ಬನ ಮಂಚದಿಂದ ಎದ್ದು ಮುಖ ತೊಳೆಯುವ ಮೊದಲೇ ಹಸುವಿನ ಹತ್ತಿರ ಹೋಗಿ ಮಾತಾಡಿದೆ, ಹೂಂ ಎಂದೆ. ಇನ್ನೊಬ್ಬನ ಮಂಚದಿಂದ ಎದ್ದು ಪಕ್ಕದವರ ದಿಂಬಿನ ಕೆಳಗೆಲ್ಲ ಕೈಯಾಡಿಸಿದೆ, ಊಹೂಂ ಎಂದೆ.

ಸುಕನ್ಯಳನ್ನು ಕೇಳಿಕೊಂಡು ಬಂದವನು ಬಯಲುಸೀಮೆಯ ಹುಡುಗ ಶಿವಮಾದು. ಜೊತೆಗೆ ಅವನ ಸೋದರಮಾವ ಪಾಪೇಗೌಡರು. ಹುಡುಗ ಎತ್ತರ, ಮಾತು ಕಡಿಮೆ. ಮಾವನಿಗೆ ಎರಡೂ ಉಲ್ಟಾ. ಸಾಯಂಕಾಲ ಬಂದವರೇ ಕೋಣೆಯನ್ನೆಲ್ಲ ಒಂದು ಸುತ್ತು ಹಾಕಿದರು. ನಾನು ಹುಡುಗನಿಗೆ ಕಿಟಕಿ ಪಕ್ಕದ ಮಂಚ ತೋರಿಸಿದೆ.

“ಏನವ್ವ, ಈ ಕಿಟಕೀಲಿ ಗಾಳಿ ಹೊಡಿಯಲ್ವ?” ಎಂದರು ಗೌಡರು.

“ಇನ್ನೊಂದು ಕಂಬಳಿ ಕೊಡ್ತೀನಿ ಗೌಡ್ರೆ.”

“ಇದೇ ಮಂಚನೇ ಆಗ್ಬೇಕಾ? ಆ ಗೋಡೆ ಪಕ್ಕದ್ದು ಬೆಚ್ಚಗೆ ಕಾಣ್ತದೆ.”

“ಅದರಲ್ಲಿ ಬೇರೆಯವ್ರು ಇದಾರೆ. ಹುಡುಗನಿಗೆ ಇದೇ.”

“ಆಗ್ಲಿ ಬಿಡಿ, ನಿಮ್ಮೂರು ನಿಮ್ ಶಾಸ್ತ್ರ” ಎಂದು ಒಂದು ನಗೆ ನಕ್ಕರು. ಬಸ್ಸಿನಲ್ಲಿ ಬರುವಾಗ ಕಂಡಕ್ಟರು ಅವರಿಗೆ ನಮ್ಮ ಶಾಸ್ತ್ರ ಹೇಳಿಬಿಟ್ಟಿದ್ದ ಎಂದು ನನಗೆ ಆಗ ಗೊತ್ತಿರಲಿಲ್ಲ. ಅರ್ಧ ಮಾತ್ರ ಹೇಳಿದ್ದ ಎಂದು ಅವರಿಗೂ ಗೊತ್ತಿರಲಿಲ್ಲ.

ಗೋಡೆ ಪಕ್ಕದ ಮಂಚದಲ್ಲಿ ಇದ್ದವರು ಹಾರ್ಮೋನಿಯಂ ರಿಪೇರಿ ಮಾಡುವ ಗುರುಪಾದಪ್ಪ, ನಮ್ಮ ಬಾಯಲ್ಲಿ ಹಾರ್ಮೋನಿಯಂ ಮೇಷ್ಟ್ರು. ಉತ್ತರದ ಕಡೆಯವರು, ಐವತ್ತು ದಾಟಿದ ಸಾಧು ಮನುಷ್ಯ. ನಮ್ಮ ಭಜನೆಮನೆಯ ಹಾರ್ಮೋನಿಯಂ ಬಿಚ್ಚಿ ಕೂತು ಅಂದಿಗೆ ಒಂದು ದಿನವಾಗಿತ್ತು. ಆ ಬೆಳಗ್ಗೆ ಅವರೇ ನನಗಿಂತ ಮೊದಲು ಎದ್ದು ಒಲೆ ಹಚ್ಚಿ, ಕೋಣೆಯಲ್ಲಿದ್ದವರಿಗೆಲ್ಲ ಟೀ ಮಾಡಿ ಕೊಟ್ಟಿದ್ದರು. ನೀರು ಕುದಿಯುವಾಗ ಅವರ ಬೆರಳು ಒಲೆಕಟ್ಟೆಯ ಮೇಲೆ ಓಡಾಡುತ್ತವೆ, ಬಾಯಲ್ಲಿ ಒಂದೇ ಒಂದು ಸ್ವರ ಉದ್ದಕ್ಕೆ ಎಳೆಯುತ್ತಿರುತ್ತದೆ. “ಮನ್ಯಾಗೂ ನಂದ ಚಾ ರೀ, ನಮ್ಮಾಕಿ ಎದ್ದಿಂದ ಕುಡೀತಾಳ” ಎಂದು ಹೇಳಿದ್ದರು.

ಮರುದಿನ ಬೆಳಗ್ಗೆ ನಾನು ಅಡುಗೆಮನೆಗೆ ಬಂದರೆ ಒಲೆ ಉರಿಯುತ್ತಿದೆ. ಮುಂದೆ ನಿಂತಿರುವವನು ಶಿವಮಾದು! ಟೀ ಕುದಿಸುತ್ತಿದ್ದಾನೆ, ಬೆರಳು ಒಲೆಕಟ್ಟೆಯ ಮೇಲೆ ಓಡುತ್ತಿವೆ, ಬಾಯಲ್ಲಿ ಒಂದು ಸ್ವರ. ಆ ಹೊತ್ತಿಗೆ ಸುಕನ್ಯ ರೊಟ್ಟಿಯ ಬುಟ್ಟಿ ಹೊತ್ತುಕೊಂಡು ಬಂದಳು. ಹುಡುಗ ಎರಡು ಕೈಯಲ್ಲಿ ಲೋಟ ಹಿಡಿದು ಅವಳಿಗೆ ಕೊಟ್ಟ. ತಾನು ಯಾಕೆ ಹೀಗೆ ಮಾಡುತ್ತಿದ್ದೇನೆಂದು ಅವನ ಮುಖಕ್ಕೆ ಅಚ್ಚರಿ, ಆದರೆ ಕೈಗೆ ಏನೂ ಅಚ್ಚರಿಯಿಲ್ಲ. ಸುಕನ್ಯಳ ಕೆನ್ನೆ ಕೆಂಪಾಯಿತು. ಅಷ್ಟರಲ್ಲಿ ಗುರುಪಾದಪ್ಪ ಕಣ್ಣುಜ್ಜುತ್ತಾ ಬಂದು, “ಅರೆ, ಚಾ ಆಗೇ ಬಿಟ್ಟೈತಲ್ರೀ” ಎಂದು ಬೆಂಚಿನ ಮೇಲೆ ಕೂತರು. ಅವರ ಬೆರಳೂ ಮೇಜಿನ ಮೇಲೆ ಓಡತೊಡಗಿದವು, ಅವರ ಬಾಯಲ್ಲೂ ಅದೇ ಸ್ವರ. ಒಂದು ಮಡಕೆಯಲ್ಲಿ ಎರಡು ದುಂಬಿ ಬಿಟ್ಟ ಹಾಗೆ. ಪಾಪೇಗೌಡರು ಬಾಗಿಲಲ್ಲಿ ನಿಂತು, ಕರು ಬಾಯಿ ಬಿಟ್ಟು ಮಾತಾಡಿದ್ದನ್ನು ಕಂಡವರ ಹಾಗೆ ಅಳಿಯನನ್ನು ನೋಡುತ್ತಿದ್ದರು.

ನನಗೆ ಗುಮಾನಿ ಬಂತು. ಗುಮಾನಿ ಬಂದ ಕೂಡಲೇ ಬಾಯಿ ಬಿಡುವವಳು ನಾನಲ್ಲ.

ಪಾತ್ರೆ ತೊಳೆಯುವಾಗ ಸುಕನ್ಯ ಪಕ್ಕಕ್ಕೆ ಬಂದು ಕೂತಳು. “ಅತ್ತೆ, ಹುಡುಗ ಟೀ ಚೆನ್ನಾಗ್ ಮಾಡ್ತಾನೆ ಅಲ್ವ?”

“ಹೂಂ.”

“ಹೂಂ ಅಂದ್ರೆ ಯಾವ ಹೂಂ? ನಾಳೆ ನೀನು ಆ ಮಂಚದಿಂದ ಎದ್ದು ಏನಾದ್ರೂ ಎಡವಟ್ಟು ಮಾಡ್ದೆ ಅಂದ್ರೆ, ಒಂದು ತಿಂಗಳು ನಿನ್ನ ಮಾತಾಡ್ಸಲ್ಲ.”

“ಎದ್ದು ಮಾಡೋಳು ನಾನಲ್ವಲ್ಲೇ.”

“ಆದ್ರೂ ಸ್ವಲ್ಪ ಸಂಭಾಳ್ಸು” ಎಂದಳು. ಅವಳು ಅಷ್ಟು ಆಸೆಯಿಂದ ಏನನ್ನೂ ಕೇಳಿದ್ದು ನನಗೆ ನೆನಪಿಲ್ಲ. ನನ್ನ ನೆನಪು ಸಣ್ಣದಲ್ಲ.

ಆ ರಾತ್ರಿ ಗಂಡಿನ ಕಡೆಯವರು ನನ್ನ ತಮ್ಮನ ಮನೆಯಲ್ಲಿ ಹೊಸ ಚಾಪೆಗಳ ಮೇಲೆ ಮಲಗಿದರು. ನಾನು ಕಿಟಕಿ ಮಂಚದಲ್ಲಿ ಮಲಗಿದೆ. ಬೆಳಗ್ಗೆ ಎಲ್ಲರೂ ಬಂದು ಮೇಜಿನ ಸುತ್ತ ಕೂತಿದ್ದರು. ನಾನು ಎದ್ದೆ. ಕಾಲು ನೆಟ್ಟಗೆ ಒಲೆಯ ಹತ್ತಿರ ಹೋಯಿತು. ಬೆರಳು ಕಟ್ಟೆಯ ಮೇಲೆ ಓಡಿತು. ಎಪ್ಪತ್ತರ ಹತ್ತಿರದ ಈ ಗಂಟಲಿನಿಂದ ಒಂದು ಸ್ವರ ಹೊರಟಿತು, ಅದನ್ನು ಕೇಳಿ ಹೊರಗೆ ಮಲಗಿದ್ದ ನಾಯಿ ಎದ್ದು ಹೋಯಿತು. ಎಲ್ಲರಿಗೂ ಟೀ ಮಾಡಿ ಹಂಚಿದೆ.

“ನೋಡುದ್ರಾ ಬೋರಲಿಂಗಯ್ನೋರೆ!” ಪಾಪೇಗೌಡರು ತೊಡೆ ತಟ್ಟಿದರು. “ನಮ್ ಹುಡ್ಗ ಮನೇಲೂ ಹಿಂಗೇ. ಹೆಂಗಸ್ರು ಏಳೋಕ್ ಮುಂಚೆ ಟೀ ಮಾಡ್ಬಿಟ್ಟಿರ್ತಾನೆ, ಬೇಡ ಅಂದ್ರೂ ಕೇಳಕ್ಕಿಲ್ಲ.”

ನನ್ನ ತಮ್ಮನ ಮುಖ ಅರಳಿತ್ತು. ಸುಕನ್ಯ ನೆಲ ನೋಡಿ ನಗುತ್ತಿದ್ದಳು. ಶಿವಮಾದು ಮಾತ್ರ ತನ್ನ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟು, ಅವುಗಳ ಮೇಲೆ ಕೂತಿದ್ದ. ಟೀ ಮುಟ್ಟಿರಲಿಲ್ಲ.

ಗುರುಪಾದಪ್ಪ ಅಂದು ತಡವಾಗಿ ಎದ್ದು ಬಂದರು. ಎಂದೂ ಇಲ್ಲದ ಗಂಟು ಹುಬ್ಬಿನಲ್ಲಿ. ಸುಕನ್ಯ ಉಳಿದ ಟೀಯನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿ ಕೊಟ್ಟಳು. ಅವರು ಒಂದು ಗುಟುಕು ಕುಡಿದರು. ಆರಿತ್ತು. ಕೈ ಹಿಂದಕ್ಕೆ ಹೋದದ್ದು ಕಂಡಿತು, ಲೋಟ ಕಾಣಲಿಲ್ಲ. ಅದು ಸುಕನ್ಯಳ ಕಿವಿಯ ಪಕ್ಕದಲ್ಲಿ ಹಾದು ಗೋಡೆಗೆ ಬಡಿದು, ಉರುಳುತ್ತಾ ಬಂದು ನನ್ನ ಕಾಲಿಗೆ ತಾಗಿ ನಿಂತಿತು.

ಆ ಸದ್ದು ನನಗೆ ಹಳೆಯ ಪರಿಚಯ.

“ಅಯ್ಯಯ್ಯೋ ನಮ್ಮಪ್ಪಾ!” ಗುರುಪಾದಪ್ಪ ತಮ್ಮ ಬಲಗೈಯನ್ನು ಎಡಗೈಯಲ್ಲಿ ಅದುಮಿ ಹಿಡಿದುಕೊಂಡರು. “ತಂಗೀ, ನಾ ಒಗೀಲಿಲ್ಲವಾ! ಕೈ ಒಗೀತವಾ! ಹುಟ್ಟಿದಾಗಿಂದ ನಾ ಒಂದು ಚಮಚಾ ಸುದ್ದಾ ಒಗದಾಂವ ಅಲ್ಲ.”

“ಗಾಬರಿ ಬೀಳ್ಬೇಡಿ ಮೇಷ್ಟ್ರೆ, ಮಧ್ಯಾಹ್ನಕ್ಕೆ ಸರಿಹೋಗುತ್ತೆ” ಎಂದೆ. “ಮೊನ್ನೆ ರಾತ್ರಿ ನೀವು ಎಲ್ಲಿ ಮಲಗಿದ್ರಿ?”

“ಮೊನ್ನೆ ಕಿಟಕಿ ಕಡೆ ರೀ. ಈ ಗೌಡ್ರು, ಹುಡುಗಗ ನೆಗಡಿ ಐತಿ, ಗೋಡೀ ಮಂಚ ಕೊಡ್ರಿ ಅಂದ್ರು. ಬದಲ್ ಮಾಡ್ಕೊಂಡ್ವಿ. ನಿನ್ನೆ ಮತ್ತ ನನ್ನ ಮಂಚಕ್ಕ ಬಂದೆ. ಯಾಕ್ರೀ, ತಪ್ಪಾತೇನ್ರಿ?”

ನಮ್ಮ ಊರಿನವರಿಗೆ ಇನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಕಿಟಕಿ ಮಂಚದಲ್ಲಿ ಮಲಗಿದ್ದು ಮೇಷ್ಟ್ರು, ಆದ್ದರಿಂದ ನಾನು ಮಾಡಿದ ಟೀ ಮೇಷ್ಟ್ರದ್ದು. ಹುಡುಗ ಮಲಗಿದ್ದು ಮೇಷ್ಟ್ರು ಬಿಟ್ಟ ಗೋಡೆ ಮಂಚದಲ್ಲಿ, ಆದ್ದರಿಂದ ಅವನು ಮೊದಲ ದಿನ ಮಾಡಿದ ಟೀಯೂ ಮೇಷ್ಟ್ರದ್ದೇ. ಆ ಗೋಡೆ ಮಂಚಕ್ಕೆ ಹುಡುಗ ತನ್ನದೆಂದು ಬಿಟ್ಟು ಹೋದದ್ದು ಈಗ ಗೋಡೆಗೆ ಬಡಿದ ಲೋಟ. ಸುಕನ್ಯ ಬೆರಳು ಮಡಿಸಿ ಲೆಕ್ಕ ಹಾಕಿದಳು. ಮುಖದ ಕೆಂಪು ಇಳಿಯಿತು. ನನ್ನ ಕಿವಿಯಲ್ಲಿ, “ಹಂಗಾದ್ರೆ ಮೊದಲ್ನೇ ದಿನದವನು ಮೇಷ್ಟ್ರಾ?” ಎಂದಳು.

“ಹೂಂ.”

“ಅವರಿಗೆ ಮದ್ವೆ ಆಗಿದ್ಯಾ?”

“ಮೂರು ಮಕ್ಕಳು.”

“ಥೂ” ಎಂದಳು. ನಗಿಸಲೆಂದೇ ಹೇಳಿದ್ದು, ಆದರೆ ಅವಳೇ ನಗಲಿಲ್ಲ.

ಪಾಪೇಗೌಡರು ಗಾಳಿಯನ್ನೂ ನೆಗಡಿಯನ್ನೂ, ಹುಡುಗನ ಮಂಚ ತಪ್ಪಿಸಿದರೆ ಸಾಕು ಎಂಬಂತೆ ಅರ್ಧ ಶಾಸ್ತ್ರ ಹೇಳಿದ ಕಂಡಕ್ಟರನ್ನೂ ಬೈದರು. ನಾನು ತಮ್ಮನ ಕಡೆ ನೋಡಿದೆ. ಅವನು ಕೂಗಾಡುತ್ತಾನೆ, ಬಂದವರ ಚೀಲ ಹೊರಗೆ ಎಸೆಯುತ್ತಾನೆ ಎಂದುಕೊಂಡಿದ್ದೆ. ಅವನು ಗಲ್ಲ ಕೆರೆದುಕೊಂಡ. “ಲೋಟ ಅಷ್ಟೇ ತಾನೆ?” ಎಂದ.

ಕಾಲ ಹತ್ತಿರ ಬಿದ್ದಿದ್ದ ಲೋಟವನ್ನು ನಾನು ಎತ್ತಿ ಮೇಜಿನ ಮೇಲೆ ಇಟ್ಟೆ.

“ಅಲ್ಲ ಅಕ್ಕ, ಕುಡಿಯಲ್ಲ, ಜೂಜಾಡಲ್ಲ, ಒಬ್ನೇ ಮಗ, ನೀರಾವರಿ ಜಮೀನು. ಬೆಳಗ್ಗೆ ಬೆಳಗ್ಗೆ ಒಂದು ಲೋಟ ಎಸೀತಾನೆ ಅಂತ ಇಂಥಾ ಸಂಬಂಧ ಬಿಡಕ್ಕಾಗುತ್ತಾ? ನಮ್ ಭಾವ ಎಸೀತಿರಲಿಲ್ವ? ನೀನು ಬಾಳ್ಲಿಲ್ವ?”

ಎಸೆಯುತ್ತಿದ್ದರು. ನನ್ನ ಮದುವೆಗೆ ಮುಂಚೆ ನನ್ನ ಗಂಡನ ಮಂಚ ನೋಡಿದ್ದು ನಮ್ಮ ಸೋದರತ್ತೆ. ಆಕೆಯೂ ಬೆಳಗ್ಗೆ ಎದ್ದು ಲೋಟ ಎಸೆದಿದ್ದಳು. ಅಷ್ಟು ವಯಸ್ಸಾದ ಹೆಂಗಸು ಲೋಟ ಎಸೆದದ್ದು ನೋಡಿ ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರಂತೆ. ಗಂಡಸು ಎಂದ ಮೇಲೆ ಇಷ್ಟೂ ಬೇಡವೇ ಎಂದು ಹೂಂ ಎಂದರಂತೆ. ಶಾಸ್ತ್ರ ತೋರಿಸುತ್ತದೆ, ನೋಡುವವರು ನೋಡಬೇಕಲ್ಲ. ಒಂದು ರಾತ್ರಿ ನನ್ನ ಚಾಪೆಯಲ್ಲಿ ಮಲಗಿ ಎಂದು ಅವರನ್ನು ನಾನು ಕೇಳಿದ್ದುಂಟು, ತಮಾಷೆಗೆ ಎಂಬ ಹಾಗೆ. ಅವರು ಸಾಯುವ ತನಕ ತಮ್ಮ ಹಗ್ಗದ ಮಂಚ ಬಿಟ್ಟು ಬೇರೆಲ್ಲೂ ಮಲಗಲಿಲ್ಲ. ಹೊರಊರಿಗೆ ಹೋದರೂ ಅದನ್ನೇ ಹೊರಿಸಿಕೊಂಡು ಹೋಗುತ್ತಿದ್ದರು. ಅವರಿಗೆ ಗೊತ್ತಿತ್ತು.

ಇದನ್ನೆಲ್ಲ ನಾನು ತಮ್ಮನಿಗೆ ಹೇಳಲಿಲ್ಲ. “ನಾನು ಹೂಂ ಅನ್ನಲ್ಲ” ಎಂದೆ, ಅಷ್ಟೇ. ಆದರೆ ನೋಡಿ, ಹನ್ನೆರಡು ಆಗಿರಲಿಲ್ಲ. ಅಷ್ಟು ಗಟ್ಟಿಯಾಗಿ ಹೇಳಿದ ಬೆನ್ನಿಗೇ ನನ್ನ ಬಾಯಿಂದ ಆ ಸ್ವರ ಹೊರಟಿತು, ಕೈ ಹೋಗಿ ಪಾಪೇಗೌಡರ ಲೋಟಕ್ಕೆ ಇನ್ನಷ್ಟು ಟೀ ಬಗ್ಗಿಸಿತು.

“ನಿನ್ನ ಮಾತು ನಡೆಯಲ್ಲ ಅಕ್ಕ” ಎಂದ ತಮ್ಮ. “ಮಂಚ ಅದಲು ಬದಲಾಗಿದೆ. ಶಾಸ್ತ್ರ ಕೆಟ್ಟೋಯ್ತು. ಇವತ್ತು ನಾನೇ ಮಲಗ್ತೀನಿ. ನಾಳೆ ನಾನೇ ಹೇಳ್ತೀನಿ.”

“ಯಾವ ಮಂಚದಲ್ಲಿ?”

“ಶಾಸ್ತ್ರಕ್ಕೆ ಇಟ್ಟ ಮಂಚ ಯಾವುದು? ಕಿಟಕೀದು ತಾನೆ? ಅದ್ರಲ್ಲೇ.”

ಅವನ ಹಂಚಿಕೆ ನನಗೆ ಅರ್ಥವಾಯಿತು. ಕಿಟಕಿ ಮಂಚ ಟೀ ಮಾಡಿಸಿದ ಮಂಚ. ಅದರಲ್ಲಿ ಮಲಗಿ, ಎದ್ದು ಎಲ್ಲರಿಗೂ ಟೀ ಕೊಟ್ಟು, ಊರಿನವರ ಮುಂದೆ ಹೂಂ ಎಂದುಬಿಡೋಣ ಎಂದು ಅವನ ಎಣಿಕೆ. ಪಾಪೇಗೌಡರಿಗೂ ಅದು ಹೊಳೆಯಿತು. “ಅದೇ ಸರಿ, ಅದೇ ಸರಿ, ಶಾಸ್ತ್ರ ಅಂದ್ರೆ ಶಾಸ್ತ್ರ” ಎಂದರು. ಯಾವ ಮಂಚದಲ್ಲಿ ಕಡೆಗೆ ಮಲಗಿದ್ದು ಯಾರು ಎಂದು ನೆನಪಿಟ್ಟುಕೊಳ್ಳುವ ಕೆಲಸವನ್ನು ನನ್ನ ತಮ್ಮ ನನಗೆ ವಹಿಸಿ ನಲವತ್ತು ವರ್ಷವಾಗಿತ್ತು. ಸುಕನ್ಯ ಮತ್ತೆ ಬೆರಳು ಮಡಿಸಿದಳು. “ಅಪ್ಪ, ಆ ಮಂಚದಲ್ಲಿ ನಿನ್ನೆ...” ಎಂದು ಶುರು ಮಾಡಿದಳು. ನಾನು ಮೇಜಿನ ಕೆಳಗೆ ಅವಳ ಕಾಲು ತುಳಿದೆ. ಅವ್ವಾ ಎಂದು ಕೆಮ್ಮಿದಳು.

“ನಿನ್ನೆ ಏನೇ?” ಎಂದ ತಮ್ಮ.

“ನಿನ್ನೆ ಕಂಬಳಿ ಬದಲಾಯ್ಸಿದೀವಿ, ಬೆಚ್ಚಗಿರುತ್ತೆ” ಎಂದಳು.

ಗುರುಪಾದಪ್ಪ ಮೂಲೆಯಲ್ಲಿ ಗೋಡೆಯ ಕಡೆ ತಿರುಗಿ ಕೂತಿದ್ದರು. “ನನಗ ಹನ್ನೆರಡರ ತನಕ ಕೈಗೆ ಏನೂ ಕೊಡಬ್ಯಾಡ್ರಿ” ಎಂದು ಅಲ್ಲಿಂದಲೇ ಹೇಳಿದರು.

ಮರುದಿನ ಮಂಜು ಇನ್ನೂ ಎದ್ದಿರಲಿಲ್ಲ, ನನ್ನ ತಮ್ಮ ಎದ್ದ. ಜೀವಮಾನದಲ್ಲಿ ಪೊರಕೆ ಮುಟ್ಟದವನು ಪಂಚೆ ಎತ್ತಿ ಕಟ್ಟಿ, ಟವೆಲನ್ನು ಸೊಂಟಕ್ಕೆ ಸಿಕ್ಕಿಸಿ, ಅಂಗಳವನ್ನು ಮೂಲೆಯಿಂದ ಮೂಲೆಗೆ ಗುಡಿಸಿದ. ನೀರು ಚಿಮುಕಿಸಿದ. ಕುಕ್ಕರಗಾಲಲ್ಲಿ ಕೂತು ಎಂಟು ಚುಕ್ಕಿಯ ರಂಗೋಲಿ ಹಾಕಿದ, ಒಂದು ಎಸಳು ಸೊಟ್ಟ. ನನಗೂ ಆ ಎಸಳು ಸೊಟ್ಟವೇ ಬರುವುದು. ಸುಕನ್ಯ ಸೆರಗು ಬಾಯಿಗೆ ತುರುಕಿಕೊಂಡು ಬಾಗಿಲ ಹಿಂದೆ ಕುಲುಕುತ್ತಿದ್ದಳು.

“ಇದೇನ್ ಬೋರಲಿಂಗಯ್ನೋರೆ, ನಮ್ ಹುಡ್ಗ ರಂಗೋಲಿ ಬಿಡಲ್ವಲ್ಲ” ಎಂದರು ಪಾಪೇಗೌಡರು.

“ನಂಗೇನ್ ಗೊತ್ತು ಗೌಡ್ರೆ, ಬೆನ್ನು ಬಿದ್ದೋಯ್ತು” ಎಂದ ತಮ್ಮ, ಸೊಂಟ ಹಿಡಿದುಕೊಂಡು. ಹಾಗೆನ್ನುತ್ತಲೇ ಒಲೆಗೆ ಹೋಗಿ ಊದುಕೊಳವೆಯಲ್ಲಿ ಊದಿದ. ಟೀ ಆಯಿತು. ಗೌಡರ ಮುಖ ಮತ್ತೆ ತಿಳಿಯಾಯಿತು.

ತಮ್ಮ ಟೀ ಹಂಚಿದ. ನಾನು ಹಂಚುವ ಕ್ರಮದಲ್ಲೇ, ಮೊದಲು ವಯಸ್ಸಾದವರಿಗೆ, ಆಮೇಲೆ ಬೆಟ್ಟ ಹತ್ತಲು ಹೊರಟವರಿಗೆ, ಆಮೇಲೆ ಉಳಿದವರಿಗೆ. ಶಿವಮಾದುವಿನ ಸರದಿ ಬರುವ ಹೊತ್ತಿಗೆ ಟೀ ಆರಿತ್ತು. ಹುಡುಗ ಆ ದಿನ ಕೈಗಳ ಮೇಲೆ ಕೂತಿರಲಿಲ್ಲ. ರಂಗೋಲಿ ನೋಡಿ ನಕ್ಕು ಮೈಮರೆತಿದ್ದ.

ತಮ್ಮ ಲೋಟ ಕೊಟ್ಟ. ಕೊಟ್ಟ ಕೂಡಲೇ ಅವನ ತಲೆ ಎಡಕ್ಕೆ ವಾಲಿತು. ಎಡಗೈ ಕಿವಿಯ ಹತ್ತಿರಕ್ಕೆ ಎದ್ದಿತು. ಇನ್ನೂ ಏನೂ ಆಗಿರಲಿಲ್ಲ. ಹುಡುಗ ಇನ್ನೂ ಲೋಟವನ್ನು ಬಾಯಿಗೆ ಇಟ್ಟಿರಲಿಲ್ಲ. ಎಲ್ಲರೂ ನೋಡಿದರು, ಅಷ್ಟು ದೊಡ್ಡ ಮೈಯ ಗಂಡಸು ಏನೂ ಇಲ್ಲದೆ ತಲೆ ತಗ್ಗಿಸಿ ನಿಂತದ್ದನ್ನು. ಹುಡುಗ ಒಂದು ಗುಟುಕು ಕುಡಿದ. ಕೈ ಹೋಯಿತು. ತಮ್ಮನ ತಲೆ ಮೊದಲು ಎಲ್ಲಿತ್ತೋ ಸರಿಯಾಗಿ ಅದೇ ಜಾಗದಲ್ಲಿ ಲೋಟ ಹಾದು ಗೋಡೆಗೆ ಬಡಿಯಿತು.

ತಮ್ಮ ಬಗ್ಗಿ ಲೋಟ ಎತ್ತಿಕೊಂಡ. ಸೊಂಟದ ಟವೆಲಿನಿಂದ ನೆಲ ಒರೆಸಿದ, ಗೋಡೆ ಒರೆಸಿದ. ಲೋಟ ತೊಳೆದು, ಟೀ ಮತ್ತೆ ಬಿಸಿ ಮಾಡಿ, ಬಗ್ಗಿಸಿ, ತಂದು ಹುಡುಗನ ಮುಂದೆ ಹಿಡಿದ. ಹಿಡಿದು ನಕ್ಕ. ಆ ನಗುವನ್ನು ನಾನು ಮೊದಲ ಸಲ ಹೊರಗಿನಿಂದ ನೋಡಿದೆ. ಅದು ಇಷ್ಟು ಚಿಕ್ಕದು ಎಂದು ನನಗೆ ಗೊತ್ತಿರಲಿಲ್ಲ. ಬಾಯಿ ನಗುತ್ತಿತ್ತು, ಕಣ್ಣು ಮಾತ್ರ ಅವನದೇ, ಅದರಲ್ಲಿ ನೀರು ತುಂಬಿತ್ತು. ತಲೆ ಮತ್ತೆ ಎಡಕ್ಕೆ ವಾಲಿತು.

ಬಾಗಿಲ ಹಿಂದೆ ಸುಕನ್ಯಳ ನಗು ನಿಂತು ಎಷ್ಟೋ ಹೊತ್ತಾಗಿತ್ತು.

ಶಿವಮಾದು ಲೋಟ ಮುಟ್ಟಲಿಲ್ಲ. “ಯಜಮಾನ್ರೆ, ನಾನು ಬೇಕೂಂತ ಎಸೀಲಿಲ್ಲ” ಎಂದ. ಸುಳ್ಳು ಹೇಳುತ್ತಿರಲಿಲ್ಲ ಪಾಪ.

“ಗೊತ್ತು ಕಣಪ್ಪ” ಎಂದ ತಮ್ಮ. “ನಾನೂ ಬೇಕೂಂತ ಬಗ್ಗಲಿಲ್ಲ.” ಆಮೇಲೆ ಮಗಳ ಕಡೆ ತಿರುಗಿ, “ಮಗ, ಗೌಡ್ರ ಚೀಲ ನಮ್ಮನೇಲಿದೆ, ತಂದು ಇಲ್ಲಿಡು. ಒಂದು ಗಂಟೆ ಬಸ್ಸಿಗೆ ಅನುಕೂಲ ಆಗುತ್ತೆ” ಎಂದ.

ಪಾಪೇಗೌಡರು ಎದ್ದು ನಿಂತರು. “ಅದ್ಹೆಂಗಾಯ್ತದೆ? ಹನ್ನೆರಡಾಗಿಲ್ಲ. ಶಾಸ್ತ್ರದ ಪ್ರಕಾರ ಈಗ ನೀವು ಮಾತು ಆಡಂಗಿಲ್ಲ.”

“ಮಾತು ನಾನೆಲ್ಲಿ ಆಡ್ದೆ ಗೌಡ್ರೆ? ಚೀಲ ತರಕ್ಕೆ ಹೇಳ್ದೆ.”

ಸುಕನ್ಯ ಚೀಲ ತಂದದ್ದು ನಡೆದುಕೊಂಡಲ್ಲ, ಓಡಿಕೊಂಡು. ಗುರುಪಾದಪ್ಪ ಗೋಡೆ ಮಂಚದ ಮೇಲೆ ಕೂತು ತಮ್ಮ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು, ಅದು ತಮ್ಮದೇ ಎಂದು ನಂಬಿಕೆ ಬಂದ ಮೇಲೆ ಮೆಲ್ಲಗೆ ಸ್ವರ ಹಿಡಿದರು.

ಉಳಿದವರೆಲ್ಲ ಹೊರಗೆ ಹೋದರು. ತಮ್ಮ ಹಿತ್ತಿಲ ಕಲ್ಲಿನ ಹತ್ತಿರ ಕೂತು ಲೋಟ ತೊಳೆಯತೊಡಗಿದ. ನಾನು ಪಕ್ಕದಲ್ಲಿ ಕೂತೆ. ಉಜ್ಜುತ್ತಲೇ ಅವನು ಕೇಳಿದ, “ಎಷ್ಟು ವರ್ಷ ಅಕ್ಕ?”

“ಮೂವತ್ತೊಂದು.”

“ನಾನು ಬಂದಾಗೆಲ್ಲ ಇಲ್ಲೇ ಬೆಂಚ್ ಮೇಲೆ ಕೂತಿರ್ತಿದ್ದೆ ಅಲ್ವ?”

“ಕೂತಿರ್ತಿದ್ದೆ. ಸಕ್ಕರೆ ಇನ್ನೊಂದು ಚೂರು ಹಾಕು ಅಂತಿದ್ದೆ.”

ಅವನು ತಲೆ ಎತ್ತಲಿಲ್ಲ. ಬೂದಿ ಹಚ್ಚಿ ಉಜ್ಜಿದ. ಬೆಟ್ಟದ ಮೇಲಿನ ಮಂಜು ಪೂರಾ ಎದ್ದಿತು, ಕ್ಷೌರದ ಅಂಗಡಿಯವನು ಬಾಗಿಲು ತೆರೆದ ಸದ್ದಾಯಿತು, ಶಾಲೆಯ ಗಂಟೆ ಹೊಡೆಯಿತು, ಬಸ್ಸು ಹಾರನ್ ಮಾಡಿ ತಿರುವಿನಲ್ಲಿ ಇಳಿಯಿತು. ನನ್ನ ಅಭ್ಯಾಸ ಅವನನ್ನು ಬಿಟ್ಟು ಒಂದು ಗಂಟೆಯಾಗಿತ್ತು. ಈಗ ತೊಳೆಯುತ್ತಿದ್ದವನು ಅವನೇ. ಅದು ತೊಳೆಯುವ ರೀತಿಯಲ್ಲೇ ಗೊತ್ತಾಗುತ್ತಿತ್ತು, ಲೋಟದ ತಳದಲ್ಲಿ ಟೀಪುಡಿ ಹಾಗೇ ಉಳಿದಿತ್ತು, ಅಂಚಿನಲ್ಲಿ ಬೂದಿ. ನಾನು ಎದ್ದೆ. ಒಳಗೆ ಹೋಗಿ, ತೊಳೆದು ಜೋಡಿಸಿಟ್ಟಿದ್ದ ಇನ್ನೊಂದು ಇಪ್ಪತ್ತು ಲೋಟಗಳನ್ನೂ ತಂದು ಅವನ ಮುಂದೆ ಇಟ್ಟೆ.